ಕಾರ್ಬನ್ ಚಕ್ರ ಕೊಳ್ಳುವ ಮುನ್ನ ವರ್ನಿಯರ್ ಹಿಡಿಯಿರಿ

ರೋಡ್ ಬೈಕಿಗೆ, ಅಂದರೆ ರಸ್ತೆ ಓಟದ ಸೈಕಲ್ಲಿಗೆ, ಕಾರ್ಬನ್ ಚಕ್ರ ಹುಡುಕುವವರು ಮೊದಲು ಕೇಳುವುದು ತೂಕವನ್ನು. ಅದು ಕೊನೆಗೆ ಕೇಳಬೇಕಾದದ್ದು. 75 ಕಿಲೋ ಸವಾರ, 8 ಕಿಲೋ ಸೈಕಲ್ ಎಂದಿಟ್ಟುಕೊಳ್ಳಿ. ಚಕ್ರಗಳ ಜೋಡಿಯಲ್ಲಿ 400 ಗ್ರಾಂ ಇಳಿದರೆ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ಶೇ 0.5ರಷ್ಟು. ನಂದಿ ಬೆಟ್ಟವನ್ನು 30 ನಿಮಿಷದಲ್ಲಿ ಹತ್ತುವವರಿಗೆ ಹೆಚ್ಚೆಂದರೆ 9 ಸೆಕೆಂಡ್ ಲಾಭ. ಕಾರ್ಬನ್ ಚಕ್ರದ ನಿಜವಾದ ಉಪಯೋಗ ಇರುವುದು ಗಾಳಿಯನ್ನು ಸೀಳುವುದರಲ್ಲಿ. ಅದೂ ಎಲ್ಲ ಅಳತೆಗಳು ಹೊಂದಿದಾಗ ಮಾತ್ರ.

ಮೊದಲು, ಕೂರುತ್ತದೆಯೇ?

ಈಗಿನ ಡಿಸ್ಕ್ ಬ್ರೇಕ್ ಬೈಕುಗಳಲ್ಲಿ ಸಾಮಾನ್ಯವಾಗಿ ಥ್ರೂ ಆಕ್ಸಲ್ (ಚಕ್ರದ ನಡುವಿನ ಹಬ್ಬಿನಲ್ಲಿ ತೂರಿಸಿ ಬಿಗಿಯುವ ಅಚ್ಚು) ಇರುತ್ತದೆ. ಅಚ್ಚಿನ ದಪ್ಪ, ಹಬ್ಬಿನ ಅಗಲ ಹೀಗೆ: ಮುಂದೆ 12×100, ಹಿಂದೆ 12×142 ಮಿ.ಮೀ. ರಿಮ್ ಬ್ರೇಕ್ ಬೈಕಿನಲ್ಲಿ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಡಿಸುವ ತೆಳು ಅಚ್ಚು), ಹಬ್ಬಿನ ಅಗಲ 100 ಮತ್ತು 130. ನಂತರ ಫ್ರೀಹಬ್, ಅಂದರೆ ಹಿಂಚಕ್ರದಲ್ಲಿ ಗೇರಿನ ಹಲ್ಲುಚಕ್ರಗಳ ಗುಚ್ಛ (ಕ್ಯಾಸೆಟ್) ಕೂರುವ ಭಾಗ, ನೋಡಿ. ಗೇರ್ ಕಂಪನಿ ಶಿಮಾನೊದ 11 ಸ್ಪೀಡ್‌ಗೆ ಎಚ್‌ಜಿ ಬಗೆಯ ಬಾಡಿ ಬೇಕು. ಅದೇ ಕಂಪನಿಯ 12 ಸ್ಪೀಡ್ ರೋಡ್ ಕ್ಯಾಸೆಟ್ ಕೂಡ ಅದರ ಮೇಲೆ ಕೂರುತ್ತದೆ. ಇನ್ನೊಂದು ಕಂಪನಿ ಸ್ರ್ಯಾಮ್‌ನ 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್‌ಗೆ ಎಕ್ಸ್‌ಡಿಆರ್ ಬಗೆಯ ಬಾಡಿ ಬೇಕು. 11 ಸ್ಪೀಡ್ ಎಚ್‌ಜಿ ಬಾಡಿಗೆ ಹಳೆಯ 8, 9 ಸ್ಪೀಡ್ ಕ್ಯಾಸೆಟ್ ಹಾಕುವುದಾದರೆ ಹಿಂದೆ 1.85 ಮಿ.ಮೀ. ಸ್ಪೇಸರ್ ಇಡಿ, ಇಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ. ನಿಮ್ಮ ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ನಡುವೆ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್‌ಲಾಕ್ ಆಗಿದೆಯೋ ಆರು ಬೋಲ್ಟಿನದೋ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ರಿಮ್ ಬ್ರೇಕ್ ಬೈಕ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೇಕಿನ ಬಿಸಿಯನ್ನು ಅಲ್ಯೂಮಿನಿಯಂ ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್‌ನಲ್ಲಿ ಅದು ಪ್ಯಾಡ್ ಉಜ್ಜುವ ಪಟ್ಟಿಯಲ್ಲೇ ಉಳಿದು, ಎಳೆಗಳನ್ನು ಹಿಡಿದಿಟ್ಟ ರಾಳ ಮೆತ್ತಗಾಗುತ್ತದೆ. ಒಳಗಿನ ಗಾಳಿಯ ಒತ್ತಡಕ್ಕೆ ರಿಮ್ಮಿನ ಅಂಚು ಹೊರಗೆ ಉಬ್ಬುತ್ತದೆ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವ ಅಭ್ಯಾಸವಿದ್ದರೆ ಅಲ್ಯೂಮಿನಿಯಂ ರಿಮ್ ಬಿಡದಿರುವುದೇ ಸರಿ. ಕಾರ್ಬನ್ನೇ ಬೇಕೆಂದರೆ ರಿಮ್ ತಯಾರಕರು ಹೇಳಿದ ಪ್ಯಾಡನ್ನೇ ಹಾಕಿ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಸವೆದ ಪ್ಯಾಡ್ ಬೇಡ, ಅದರಲ್ಲಿ ಸಿಕ್ಕಿಕೊಂಡ ಲೋಹದ ಚೂರು ಕಾರ್ಬನ್ನನ್ನು ಕೆರೆಯುತ್ತದೆ. ಲೇಟೆಕ್ಸ್ ಟ್ಯೂಬೂ ಬೇಡ.

ಟೈರಿನಿಂದ ರಿಮ್ಮಿಗೆ ಬನ್ನಿ

ಅಗಲವನ್ನು ರಿಮ್ಮಿನಿಂದ ಅಲ್ಲ, ಟೈರಿನಿಂದ ಲೆಕ್ಕ ಹಾಕಬೇಕು. ನಮ್ಮ ರಸ್ತೆಗಳಿಗೆ 28 ಮಿ.ಮೀ. ಟೈರು ಕನಿಷ್ಠ. ಫ್ರೇಮಿನಲ್ಲಿ ಜಾಗವಿದ್ದರೆ 30 ಅಥವಾ 32 ಹಾಕಿ. ಆದರೆ 28 ಎಂದು ಬರೆದ ಟೈರು 23 ಮಿ.ಮೀ. ಒಳ ಅಗಲದ ರಿಮ್ಮಿನಲ್ಲಿ 30ರ ಹತ್ತಿರ ಹಿಗ್ಗಬಹುದು. ಹೀಗಾಗಿ ವರ್ನಿಯರ್‌ನಲ್ಲಿ ಅಳೆದ ಅಗಲವೇ ಲೆಕ್ಕಕ್ಕೆ. ಫ್ರೇಮಿನ ಎರಡೂ ಬದಿ ತಲಾ 4 ಮಿ.ಮೀ. ಖಾಲಿ ಉಳಿಯಬೇಕು.

ಗಾಳಿಯ ಮಟ್ಟಿಗೆ ಹಳೆಯ ಸೂತ್ರವೊಂದಿದೆ: ರಿಮ್ಮಿನ ಹೊರ ಅಗಲ ಟೈರಿನ ನಿಜ ಅಗಲದ ಶೇ 105ರಷ್ಟಾದರೂ ಇರಲಿ. 30 ಮಿ.ಮೀ. ಟೈರಿಗೆ 31.5. ಟೈರೇ ಹೊರಗೆ ಉಬ್ಬಿಕೊಂಡಿದ್ದರೆ ಗಾಳಿ ರಿಮ್ಮಿಗೆ ಅಂಟಿಕೊಳ್ಳದೆ ಚದುರುತ್ತದೆ, ಆಳದ (ಟೈರಿನ ಕಡೆಯಿಂದ ಹಬ್ಬಿನತ್ತ ಹೆಚ್ಚು ಚಾಚಿದ) ರಿಮ್ಮಿಗೆ ಕೊಟ್ಟ ಹಣ ವ್ಯರ್ಥ.

ಈಗ ಹುಕ್. ಒಳ ಅಂಚಿನಲ್ಲಿ ಟೈರನ್ನು ಹಿಡಿಯುವ ಕೊಕ್ಕೆ ಇಲ್ಲದ ರಿಮ್ಮೇ ಹುಕ್‌ಲೆಸ್. ತಯಾರಿಕೆ ಸುಲಭ, ಬೆಲೆಯೂ ಕಡಿಮೆ. ಆದರೆ ಗಾಳಿ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಬಾರದು. ಟ್ಯೂಬ್ ಹಾಕಿದರೂ ಟೈರು ಟ್ಯೂಬ್‌ಲೆಸ್ ಆಗಿರಲೇಬೇಕು. 25 ಮಿ.ಮೀ. ಒಳ ಅಗಲದ ಹುಕ್‌ಲೆಸ್ ರಿಮ್ಮಿಗೆ 28ರ ಟೈರು ಸಾಲದು, 29ರಿಂದ ಶುರು. ಭಾರದ ಸವಾರರಿಗೆ, ಪಂಪಿನ ಮೀಟರ್ ನೋಡದೆ ಗಾಳಿ ತುಂಬುವವರಿಗೆ ಹುಕ್ ಇರುವ ರಿಮ್ಮೇ ಕ್ಷೇಮ.

ಆಳ

ಬೆಟ್ಟ ಹತ್ತುವುದೇ ಹೆಚ್ಚಾದರೆ 30–35 ಮಿ.ಮೀ., ಎಲ್ಲಕ್ಕೂ ಒಂದೇ ಜೋಡಿ ಎಂದರೆ 40–50. ಅಡ್ಡಗಾಳಿ ಹ್ಯಾಂಡಲನ್ನು ಎಳೆಯುವುದು ಮುಂದಿನ ಚಕ್ರದ ಮೂಲಕ. ವಿಜಯಪುರ, ಬಾಗಲಕೋಟೆ ಕಡೆಯ ಬಯಲಿನಲ್ಲಿ ಆಳದ ರಿಮ್ ಓಡುತ್ತದೆ ನಿಜ. ಆದರೆ ಆಷಾಢದ ಗಾಳಿಯಲ್ಲಿ 55 ಕಿಲೋ ಸವಾರರನ್ನು 60 ಮಿ.ಮೀ. ಮುಂಚಕ್ರ ಪಕ್ಕದ ಲೇನಿಗೆ ತಳ್ಳೀತು. ಮುಂದೆ 40, ಹಿಂದೆ 50 ಒಳ್ಳೆಯ ರಾಜಿ.

ಮಧ್ಯದಲ್ಲಿ ಏನಿದೆ

ಡಿಸ್ಕ್ ಚಕ್ರಕ್ಕೆ ತಲಾ 24 ಕಡ್ಡಿ ಸಾಕು. ಕಡ್ಡಿ ಬಿಗಿಯುವ ನಿಪ್ಪಲ್ ಹೊರಗೆ ಕಾಣುವಂತಿರಲಿ; ರಿಮ್ಮಿನೊಳಗೆ ಅಡಗಿದ್ದರೆ ಸಣ್ಣ ಬೆಂಡ್ ತೆಗೆಯಲೂ ಟೈರು, ಟೇಪು ಕಿತ್ತು ಮತ್ತೆ ಹಾಕಬೇಕು. ಕಡ್ಡಿಗಳ ಉದ್ದ ಕೇಳಿ ಬರೆದುಕೊಂಡು, ಪ್ರತಿ ಉದ್ದಕ್ಕೂ ಎರಡೆರಡು ಜತೆಗೇ ಕೊಳ್ಳಿ. ಹೊರದೇಶದಿಂದ ತರಿಸುವುದಾದರೆ ಸುಂಕ, ಜಿಎಸ್‌ಟಿ ಸೇರಿಸಿದ ಮೇಲಿನ ಬೆಲೆಯನ್ನು ಹೋಲಿಸಿ. ವಾರಂಟಿಯಲ್ಲಿ ಗುಂಡಿಯ ಹೊಡೆತ ಸೇರಿದೆಯೇ, ಸವಾರರ ತೂಕದ ಮಿತಿ ಎಷ್ಟು ಎಂಬುದನ್ನು ಓದಿ.

ಡಬ್ಬ ತೆರೆದ ಮೇಲೆ

ಟೈರ್ ಹಾಕುವ ಮೊದಲೇ ರಿಮ್ಮಿನ ಸುತ್ತ ನಾಣ್ಯದಿಂದ ಮೆಲ್ಲಗೆ ತಟ್ಟಿ. ಎಲ್ಲೆಡೆ ಒಂದೇ ಸದ್ದು ಬರಬೇಕು. ಒಂದು ಕಡೆ ಮಾತ್ರ ಮಂಕಾದರೆ ಒಳಗೆ ಪದರ ಬಿಟ್ಟಿರಬಹುದು. ಚಕ್ರ ತಿರುಗಿಸಿ ನೋಡಿ, ಅಡ್ಡ ಓಲಾಟ 0.3 ಮಿ.ಮೀ. ಮೀರಿದ್ದರೆ ವಾಪಸ್ ಕಳಿಸಿ. ಟೈರ್ ಹಾಕಲು ಪ್ಲಾಸ್ಟಿಕ್ ಲಿವರ್ ಮಾತ್ರ. 50 ಮಿ.ಮೀ. ರಿಮ್ಮಿಗೆ ವಾಲ್ವ್ ಕನಿಷ್ಠ 70 ಮಿ.ಮೀ. ಉದ್ದವಿರಲಿ. ಕ್ಯಾಸೆಟ್ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ರೋಟರ್ ಕೂರುವ ಜಾಗ ಕೂದಲೆಳೆಯಷ್ಟು ಬದಲಾಗಿರುವುದರಿಂದ ಬ್ರೇಕಿನ ಕ್ಯಾಲಿಪರನ್ನು (ಪ್ಯಾಡ್ ಹಿಡಿದ ಭಾಗವನ್ನು) ಸಡಿಲಿಸಿ, ಬ್ರೇಕ್ ಹಿಡಿದು, ಮತ್ತೆ ಬಿಗಿಯಬೇಕಾದೀತು. ಗೇರಿನ ಟ್ಯೂನಿಂಗೂ ಅಷ್ಟೇ.

ಹಳೆಯ ಅಲ್ಯೂಮಿನಿಯಂ ಜೋಡಿಯನ್ನು ಮಾರಬೇಡಿ. ಮಳೆಗಾಲದ ಗುಂಡಿಗಳು ನೀರು ತುಂಬಿಕೊಂಡು ಕಾಣದಿರುವಾಗ ಅದೇ ಬೇಕಾಗುತ್ತದೆ.