ಜಾಗ ಕೊನೆಗೆ ಆರಿಸಿ, ಗ್ಯಾಸ್ ಮೊದಲು ನೋಡಿ: ಕ್ಯಾಂಪರ್‌ವ್ಯಾನ್‌ನಲ್ಲಿ ದಿಢೀರ್ ಬೆಟ್ಟದ ಚಾರಣ

ಗುರುವಾರ ರಾತ್ರಿ ಹವಾಮಾನ ನೋಡುವುದು, ಶುಕ್ರವಾರ ವ್ಯಾನ್ ಹತ್ತುವುದು, ಶನಿವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ ಕಣ್ಣು ಬಿಡುವುದು. ಇದಕ್ಕಿಂತ ಖುಷಿ ಕೊಡುವ ಪ್ರವಾಸ ನನಗೆ ಗೊತ್ತಿಲ್ಲ. ತಿಂಗಳ ಮೊದಲೇ ರೂಮು ಬುಕ್ ಮಾಡಿದವರು ಮಳೆ ಸುರಿದರೂ ಅಲ್ಲಿಗೇ ಹೋಗಬೇಕು. ನಮಗೆ ಹಾಗಿಲ್ಲ, ಹಾಸಿಗೆ ಚಕ್ರದ ಮೇಲೇ ಇದೆ, ಎಲ್ಲಿ ಆಕಾಶ ತಿಳಿಯಾಗಿದೆಯೋ ಅತ್ತ ತಿರುಗಿಸಿದರಾಯಿತು. ಹಾಗಾಗಿ ಎರಡು ಮೂರು ಬೆಟ್ಟ ಮನಸ್ಸಿನಲ್ಲಿಟ್ಟುಕೊಳ್ಳಿ, ಬೇರೆ ಬೇರೆ ದಿಕ್ಕಿನವು ಆದರೆ ಒಳ್ಳೆಯದು. ಯಾವುದು ಎಂದು ಹೊರಡುವ ಹಿಂದಿನ ರಾತ್ರಿ ನಿರ್ಧರಿಸಿ. ಹವಾಮಾನ ನೋಡುವಾಗ ಕೆಳಗಿನ ಪೇಟೆಯದ್ದಲ್ಲ, ನೀವು ಹತ್ತುವ ಎತ್ತರದ್ದು ನೋಡಿ.

ಜಾಗ ದಿಢೀರ್ ಆಗಿರಲಿ, ದಿನ ದಿಢೀರ್ ಆಗಿರಲಿ. ಬ್ರೇಕು, ಗ್ಯಾಸು, ಬೆಟ್ಟದಿಂದ ವಾಪಸ್ ತಿರುಗುವ ಗಂಟೆ, ಈ ಮೂರು ಮಾತ್ರ ಅಲ್ಲೇ ಹೋಗಿ ನೋಡೋಣ ಎಂದು ಬಿಡುವಂಥವಲ್ಲ.

ಮೊದಲು ಒಂದು ಪೆಟ್ಟಿಗೆ ಮಾಡಿಕೊಳ್ಳಿ. ಅದು ಯಾವಾಗಲೂ ವ್ಯಾನ್‌ನಲ್ಲೇ ಇರಬೇಕು, ಮನೆಯ ಕೆಲಸಕ್ಕೆಂದು ಅದರಿಂದ ಏನನ್ನೂ ತೆಗೆಯಬಾರದು. ತಲೆಗೆ ಕಟ್ಟುವ ಟಾರ್ಚು ತಲೆಗೊಂದರಂತೆ, ಸೆಲ್ಲು, ಪವರ್ ಬ್ಯಾಂಕು, ಸೀಟಿ, ಪ್ರಥಮ ಚಿಕಿತ್ಸೆಯ ಚೀಲ, ಗುಳ್ಳೆಗೆ ಅಂಟಿಸುವ ಟೇಪು, ಮಳೆ ಅಂಗಿ, ಬೆಂಕಿಪೊಟ್ಟಣ, ಒಂದು ಚಿಕ್ಕ ಸಲಿಕೆ, ಕಸದ ಚೀಲ, ಒಂದು ಜೊತೆ ಒಣಗಿದ ಕಾಲುಚೀಲ. ಕೊನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. ಒದ್ದೆ ಕಾಲಲ್ಲಿ ವಾಪಸ್ ಬಂದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಬಟ್ಟೆ ಮಾತ್ರ ಆ ದಿನದ ಹವೆ ನೋಡಿ ಹಾಕಿಕೊಳ್ಳಿ. ಹತ್ತಿ ಬಟ್ಟೆ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ಗಾಳಿ ಬೀಸಿದರೆ ಮೈ ನಡುಗುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಒಳ್ಳೆಯದು. ಒಂದು ದಪ್ಪ ಜಾಕೆಟ್ಟಿಗಿಂತ ಒಂದರ ಮೇಲೊಂದು ಮೂರು ತೆಳು ಬಟ್ಟೆ ಮೇಲು, ಹತ್ತುವಾಗ ಒಂದೊಂದೇ ತೆಗೆಯಬಹುದು.

ಹೊರಡುವ ಮೊದಲು ವ್ಯಾನ್‌ಗೆ ಅರ್ಧ ಗಂಟೆ ಕೊಡಿ. ಟಯರ್ ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟಯರ್ ತಣ್ಣಗಿರುವಾಗಲೇ ನೋಡಬೇಕು. ಸ್ಟೆಪ್ನಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಬ್ರೇಕ್ ಆಯಿಲ್, ಕೂಲಂಟ್, ವೈಪರ್, ದೀಪ. ನೀರಿನ ಕ್ಯಾನು, ಬ್ಯಾಟರಿ, ಡಬ್ಬಿಗಳಂಥ ಭಾರದ ಸಾಮಾನು ಕೆಳಗೆ, ಎರಡೂ ಅಚ್ಚಿನ ನಡುವೆ ಇರಲಿ. ಮೇಲಿನ ಕಪಾಟಿನಲ್ಲಿ ಭಾರ ಇಟ್ಟರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ ಎಂಬುದು ನೆನಪಿರಲಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4ರಿಂದ 5 ಲೀಟರ್ ಹಿಡಿದು ಲೆಕ್ಕ ಹಾಕಿ, ಸುಮ್ನೆ ನೂರು ಲೀಟರ್ ಹೊತ್ತು ಬೆಟ್ಟ ಹತ್ತಬೇಡಿ. ವ್ಯಾನ್‌ನ ಎತ್ತರ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ, ತಗ್ಗಿನ ಸೇತುವೆ ಎದುರಾದಾಗ ಇಳಿದು ಅಳೆಯಲು ಆಗುವುದಿಲ್ಲ. ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆಯೇ ಇಲ್ಲದಿದ್ದರೆ ಖಾಲಿ ಪರದೆಯ ಮೇಲೆ ಒಂದು ಚುಕ್ಕೆ ಕಾಣುತ್ತದೆ ಅಷ್ಟೇ. ಡೀಸೆಲ್ಲೋ ಪೆಟ್ರೋಲೋ, ಬೆಟ್ಟದ ಸೀಮೆಗೆ ಬಂದ ಮೇಲೆ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಹತ್ತುವುದು ಕಷ್ಟವಲ್ಲ. ಅವಸರ ಮಾಡದೆ ಹೋಗಿ, ಹಿಂದೆ ಗಾಡಿಗಳು ಸೇರಿಕೊಂಡರೆ ಜಾಗ ಸಿಕ್ಕಲ್ಲಿ ಬದಿಗೆ ಸರಿದು ಬಿಟ್ಟುಕೊಡಿ. ಇಳಿಯುವುದೇ ನಿಜವಾದ ಪರೀಕ್ಷೆ. ಮೊದಲ ಸಲ ತುಂಬಿದ ವ್ಯಾನ್ ತೆಗೆದುಕೊಂಡು ಉದ್ದದ ಇಳಿಜಾರು ಇಳಿದಾಗ ನಾನು ಕಾರಿನಲ್ಲಿ ಇಳಿದಂತೆ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯಿತು. ಹೇಗೋ ಬದಿಗೆ ನಿಲ್ಲಿಸಿ ಒಂದು ಗಂಟೆ ಕಾದೆ, ಕೈ ನಡುಗುತ್ತಿತ್ತು. ಬ್ರೇಕ್ ಒತ್ತಿದಾಗೆಲ್ಲ ಗಾಡಿಯ ವೇಗ ಶಾಖವಾಗಿ ಮಾರ್ಪಡುತ್ತದೆ. ಬಿಡುವು ಕೊಡದೆ ಒತ್ತಿದರೆ ಪ್ಯಾಡು ಕಾದು ಹಿಡಿತ ಕಡಿಮೆಯಾಗುತ್ತದೆ, ಇನ್ನೂ ಹೆಚ್ಚಾದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಆಗ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲದೆ ಹೋಗಬಹುದು. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಮಾತು ಒಳ್ಳೆಯ ಅಳತೆ. ಆಟೋಮ್ಯಾಟಿಕ್ ಆದರೂ ಕೆಳಗಿನ ಗೇರನ್ನು ಕೈಯಾರೆ ಹಾಕುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ, ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ. ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ, ಬಿಡಿ. ಸವರುತ್ತಾ ಇರಬೇಡಿ. ನ್ಯೂಟ್ರಲ್‌ಗೆ ಹಾಕುವುದು, ಇಂಜಿನ್ ಆಫ್ ಮಾಡಿ ಇಳಿಯುವುದು, ಯಾವತ್ತೂ ಬೇಡ. ಕಾದ ಬ್ರೇಕಿಗೆ ನೀರು ಸುರಿಯುವುದೂ ಬೇಡ, ತಾನಾಗಿ ಆರಲಿ.

ಕತ್ತಲಾಗುವ ಮೊದಲು ತಲುಪಲೇಬೇಕು. ಸಂಜೆ ತಡವಾಗಿ ಹೊರಟರೆ ಬೆಟ್ಟದ ಕೆಳಗೇ ಎಲ್ಲಾದರೂ ಮಲಗಿ, ಬೆಳಗ್ಗೆ ಹತ್ತಿ, ವ್ಯಾನ್ ಇರುವುದೇ ಅದಕ್ಕಲ್ವಾ. ರಾತ್ರಿ ಗಾಡಿ ನಿಲ್ಲಿಸಲು ಬಿಡುವ ಜಾಗದಲ್ಲಿ ಮಲಗಲು ಬಿಡುತ್ತಾರೆ ಎಂದೇನಿಲ್ಲ, ಕಾಡಿನ ಅಂಚಿನಲ್ಲಿ ನಿಯಮ ಇನ್ನೂ ಬಿಗಿ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ನಿಲ್ಲಿಸುವ ಮುಂಚೆ ಇಳಿದು ಸುತ್ತ ನೋಡಿ. ಒಣಗಿದ ಹಳ್ಳದ ಪಾತ್ರದಲ್ಲಿ ಬೇಡ, ಮೇಲೆಲ್ಲೋ ಮಳೆಯಾದರೆ ರಾತ್ರಿ ಅಲ್ಲಿ ನೀರು ಬರುತ್ತದೆ. ಸತ್ತ ಕೊಂಬೆಯ ಕೆಳಗೆ ಬೇಡ. ಹೊಸದಾಗಿ ಉರುಳಿ ಬಿದ್ದ ಕಲ್ಲು ಕಂಡರೆ ಅಲ್ಲೂ ಬೇಡ. ಹೊರಡುವ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿಡಿ, ಚಕ್ರಕ್ಕೆ ಕಲ್ಲು ಕೊಡಿ. ನೆಲ ಸ್ವಲ್ಪ ಓರೆಯಾಗಿದ್ದರೆ ತಲೆ ಮೇಲಿನ ಕಡೆ ಬರುವಂತೆ ಮಲಗಿ.

ಈಗ ಗ್ಯಾಸು. ಇದನ್ನು ಓದದೆ ಮುಂದೆ ಹೋಗಬೇಡಿ. ಬೆಟ್ಟದಲ್ಲಿ 1000 ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಕೆಳಗೆ ಸಂಜೆ 20 ಡಿಗ್ರಿ ಇದ್ದರೆ 2000 ಮೀಟರ್ ಮೇಲೆ 7 ಡಿಗ್ರಿ, ರಾತ್ರಿ ಇನ್ನೂ ಕಡಿಮೆ. ಚಳಿ ತಡೆಯಲಾರದೆ ಒಲೆ ಹಚ್ಚಿ ವ್ಯಾನ್ ಬೆಚ್ಚಗೆ ಮಾಡೋಣ ಅನಿಸುತ್ತದೆ. ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಇದ್ದಿಲು ಒಲೆಯನ್ನಂತೂ ಆರಿದೆ ಅನಿಸಿದರೂ ಒಳಗೆ ತರಬೇಡಿ. ಬೆಟ್ಟದಲ್ಲಿ ಇನ್ನೊಂದು ತೊಡಕಿದೆ. ಈ ವಿಷದ ಮೊದಲ ಲಕ್ಷಣ ತಲೆನೋವು, ವಾಕರಿಕೆ, ತಲೆಸುತ್ತು. ಎತ್ತರದ ಜಾಗ ಒಗ್ಗದಿದ್ದಾಗಲೂ ಇವೇ ಬರುತ್ತವೆ, ಹಾಗಾಗಿ ಸುಸ್ತು ಎಂದುಕೊಂಡು ಮಲಗಿಬಿಡುವ ಅಪಾಯ ಜಾಸ್ತಿ. ವ್ಯಾನ್ ಒಳಗೆ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಯೋಚಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಕಿಸದೆ ಒಳಗೆ ಮಲಗಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ, ಅದರ ಅಲಾರಂ ಕೆಳಗಿರಬೇಕು. ಮಲಗುವ ಮೊದಲು ಸಿಲಿಂಡರಿನ ತಲೆಯನ್ನೇ ತಿರುಗಿಸಿ ಬಂದ್ ಮಾಡಿ.

ಚಳಿಯಲ್ಲಿ ಒಲೆ ಹತ್ತದಿದ್ದರೆ ಕಾರಣ ಹೀಗಿರಬಹುದು: ಅಡುಗೆ ಅನಿಲ ಅಂದರೆ ಸಾಮಾನ್ಯವಾಗಿ ಬ್ಯೂಟೇನ್, ಪ್ರೋಪೇನ್ ಎಂಬ ಎರಡು ಅನಿಲಗಳ ಬೆರಕೆ. ಬ್ಯೂಟೇನ್ 0 ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೋಪೇನ್‌ಗೆ ಆ ಸಮಸ್ಯೆಯಿಲ್ಲ, ಅದು ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಚಳಿಯ ಬೆಟ್ಟಕ್ಕೆ ಪ್ರೋಪೇನ್ ಹೆಚ್ಚಿರುವುದನ್ನೇ ಒಯ್ಯಿರಿ. ಇನ್ನು, 3000 ಮೀಟರಿನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕಾಳು ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಬೇಗ ಬೇಯುವುದನ್ನೇ ತನ್ನಿ. ಕಿಟಕಿ ಎರಡು ಬೆರಳಷ್ಟು ತೆರೆದಿಡಿ, ಇಲ್ಲದಿದ್ದರೆ ನಿಮ್ಮ ಉಸಿರಿನ ತೇವವೇ ಬೆಳಗ್ಗೆ ಗಾಜಿನಿಂದ ಹಾಸಿಗೆಗೆ ಇಳಿಯುತ್ತದೆ.

ಎತ್ತರದ ಮಾತು ಬಂತಲ್ಲ, ವ್ಯಾನ್‌ನಿಂದಲೇ ಬರುವ ಒಂದು ಅಪಾಯ ಇದು. ನಡೆದು ಹೋಗುವವರ ಮೈ ನಿಧಾನವಾಗಿ ಒಗ್ಗುತ್ತದೆ, ನಾವು ಮಧ್ಯಾಹ್ನ ಹೊರಟು ಸಂಜೆಗೆ 3000 ಮೀಟರ್ ಮೇಲೆ ಕೂತಿರುತ್ತೇವೆ. 2500 ಮೀಟರ್ ದಾಟಿದ ಮೇಲೆ ತಲೆನೋವು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗಬಹುದು. ಸಾಧ್ಯವಿದ್ದರೆ ಮೊದಲ ರಾತ್ರಿ ತಗ್ಗಿನಲ್ಲಿ ಮಲಗಿ. 3000 ಮೀಟರ್ ಮೇಲೆ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ಮಲಗುವ ಜಾಗ ಬದಲಿಸಬೇಡಿ. ಇಷ್ಟಾದರೂ ತೊಂದರೆ ಹೆಚ್ಚಾದರೆ ಇಳಿಯುವುದೇ ಮದ್ದು. ಯಾರಾದರೂ ತೊದಲಿದರೆ, ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಿಟ್ಟರೆ ಬೆಳಗಾಗುವುದನ್ನು ಕಾಯಬೇಡಿ.

ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಕಾದು ಮೇಲೇಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಗುಡುಗಿನ ಮೋಡವಾಗುತ್ತದೆ. ಮಧ್ಯಾಹ್ನಕ್ಕೆ ಮೊದಲು ತುದಿಯಿಂದ ಇಳಿದಿರಬೇಕು. ಎಷ್ಟು ಹೊತ್ತು ಬೇಕು ಎಂಬುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 15 ಕಿಲೋಮೀಟರ್, ಏರು 900 ಮೀಟರ್ ಅಂದರೆ ನಾಲ್ಕೂವರೆ ಗಂಟೆ. ಇದು ಗಟ್ಟಿ ಕಾಲಿನವರ ಲೆಕ್ಕ, ಕೂತು ಉಣ್ಣುವುದು, ಫೋಟೋ ತೆಗೆಯುವುದು ಇದರಲ್ಲಿ ಇಲ್ಲ. ರೂಢಿಯಿಲ್ಲದವರು ಆರೇಳು ಗಂಟೆ ಹಿಡಿಯಿರಿ. ಅದರಿಂದ ವಾಪಸ್ ತಿರುಗುವ ಗಂಟೆಯನ್ನು ವ್ಯಾನ್ ಹತ್ತಿರವೇ ಗೊತ್ತುಮಾಡಿ, ಜೊತೆಯವರಿಗೆಲ್ಲ ಹೇಳಿ. ತುದಿ ಕಣ್ಣೆದುರೇ ಇದ್ದರೂ ಆ ಗಂಟೆಗೆ ತಿರುಗಬೇಕು. ನನಗೆ ಇದು ಇಂದಿಗೂ ಕಷ್ಟವೇ, ಆದರೂ ತಿರುಗುತ್ತೇನೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಗುಡುಗು ಕೇಳುವಷ್ಟು ಹತ್ತಿರ ಬಂದರೆ ಸಿಡಿಲೂ ಬಡಿಯಬಹುದು ಎಂದೇ ತಿಳಿಯಿರಿ, ದಿಣ್ಣೆ ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಲೋಹದ ಮೈಯ ವ್ಯಾನ್ ಒಳಗೆ ಕಿಟಕಿ ಮುಚ್ಚಿ ಕೂತರೆ ಕ್ಷೇಮ. ಕೆಲವು ವ್ಯಾನ್‌ಗಳಲ್ಲಿ ಮೇಲಕ್ಕೆತ್ತುವ ಬಟ್ಟೆಯ ಛಾವಣಿ ಇರುತ್ತದೆ, ಅದರೊಳಗೆ ಆ ರಕ್ಷಣೆ ಇಲ್ಲ, ಕೆಳಗಿಳಿಸಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ ಬನ್ನಿ.

ಹೊರಡುವ ಮುಂಚೆ ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಎಂದು ಮನೆಯವರಿಗೋ ಸ್ನೇಹಿತರಿಗೋ ಒಂದು ಮೆಸೇಜ್ ಹಾಕಿ. ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆಯಿರಿ. ವ್ಯಾನ್ ಕೀ ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರಲಿ. ಕಷ್ಟಕ್ಕೆ ಸಿಕ್ಕಿಕೊಂಡರೆ ಸೀಟಿಯನ್ನು ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಎಷ್ಟೋ ಬೆಟ್ಟಗಳಲ್ಲಿ ಇದನ್ನು ಸಹಾಯದ ಕರೆ ಎಂದೇ ಗುರುತಿಸುತ್ತಾರೆ. ಹಿಮ್ಮಡಿ ಚುರುಕ್ ಅಂದ ಕ್ಷಣ ನಿಂತು ಟೇಪು ಹಚ್ಚಿ, ಗುಳ್ಳೆ ಏಳುವವರೆಗೆ ಕಾಯಬೇಡಿ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಿ, ಕಾಗದವನ್ನು ಚೀಲದಲ್ಲಿ ವಾಪಸ್ ತನ್ನಿ. ವ್ಯಾನ್‌ನ ಕೊಳೆ ನೀರನ್ನು ಹಳ್ಳದ ಹತ್ತಿರ ಚೆಲ್ಲಲೇಬೇಡಿ, ಕೆಳಗೆ ಯಾರೋ ಆ ನೀರನ್ನೇ ಕುಡಿಯುತ್ತಾರೆ.

ಇಳಿದು ಬಂದ ಕೂಡಲೇ ಸ್ಟೀರಿಂಗ್ ಹಿಡಿಯಬೇಡಿ. ಎಂಟು ಗಂಟೆ ನಡೆದ ಮೇಲೆ ಕಣ್ಣು ಎಳೆಯುತ್ತದೆ, ಬ್ರೇಕ್ ಒತ್ತುವ ಕಾಲು ಮರಗಟ್ಟಿರುತ್ತದೆ. ಬೂಟು ಬಿಚ್ಚಿ, ಬಿಸಿಯಾಗಿ ಏನಾದರೂ ಕುಡಿದು ಒಂದು ನಿದ್ದೆ ತೆಗೆಯಿರಿ, ಬೇಕಾದರೆ ರಾತ್ರಿಯೂ ಅಲ್ಲೇ ಇರಿ. ಒದ್ದೆ ಬೂಟಿನೊಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಗ್ಗೆಗೆ ಅರ್ಧಕ್ಕರ್ಧ ಒಣಗುತ್ತದೆ. ಮನೆ ಸೇರಿದ ದಿನವೇ ಪೆಟ್ಟಿಗೆಯಲ್ಲಿ ಖಾಲಿಯಾದ ಟೇಪು, ಸೆಲ್ಲು ತುಂಬಿಸಿ, ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿ, ಸಿಲಿಂಡರ್ ಎತ್ತಿ ನೋಡಿ ಎಷ್ಟು ಉಳಿದಿದೆ ಎಂದು. ಮುಂದಿನ ಗುರುವಾರವೇ ಆಕಾಶ ತಿಳಿಯಾಗಿದ್ದರೆ ಮತ್ತೆ ಹೊರಡಬಹುದು.