ಅಪ್ಪ-ಅಮ್ಮನ ಜೊತೆ ಯೊಕೊಹಾಮಾದಲ್ಲಿ ಒಂದು ದಿನ: ನಾನು ಪ್ಲಾನ್ ಮಾಡಿದ್ದು ಹೀಗೆ

ಟೋಕಿಯೊ ಸ್ಟೇಷನ್ನಿನಿಂದ ಯೊಕೊಹಾಮಾಗೆ ಸುಮಾರು 29 ಕಿ.ಮೀ. ಬೆಂಗಳೂರಿನಿಂದ ಬಿಡದಿಗೆ ಹೋದಷ್ಟು. ಅದಕ್ಕೇ ಇಲ್ಲಿರುವ ನಮ್ಮವರೆಲ್ಲ "ಅಲ್ಲೇ ಇದೆಯಲ್ಲ, ಹೋದರಾಯ್ತು" ಅಂತ ಯಾವ ತಯಾರಿಯೂ ಇಲ್ಲದೆ ಹೊರಡುತ್ತಾರೆ. ಹನ್ನೊಂದಕ್ಕೆ ಮನೆ ಬಿಟ್ಟು, ಚೈನಾಟೌನ್‌ನಲ್ಲಿ ಊಟಕ್ಕೆ ಕ್ಯೂ ನಿಂತು, ಮ್ಯೂಸಿಯಂ ಬಾಗಿಲು ಹಾಕುವ ಹೊತ್ತಿಗೆ ಅದರ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ಹತ್ತಿರದ ಊರಿಗೇ ಪ್ಲಾನ್ ಜಾಸ್ತಿ ಬೇಕು ಅನ್ನೋದು ನನ್ನ ಅಭಿಪ್ರಾಯ. ದೂರದ ಊರಾದರೆ ಟಿಕೆಟ್, ಹೋಟೆಲ್ ಅಂತ ಹೇಗೂ ಕೂತು ಯೋಚಿಸಿಯೇ ಇರುತ್ತೇವೆ.

ನಾನಿರುವುದು ಟೋಕಿಯೊದ ನಿಶಿ-ಕಾಸಾಯ್‌ನಲ್ಲಿ. ನವೆಂಬರಿನಲ್ಲಿ ಅಪ್ಪ-ಅಮ್ಮ ಬೆಂಗಳೂರಿನಿಂದ ಬಂದಿದ್ದರು. ಅಪ್ಪ ಎಚ್‌ಎಂಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೆಷಿನ್ ಕಂಡರೆ ಊಟ ಮರೆಯುತ್ತಾರೆ. ಅಮ್ಮನಿಗೆ ಮಂಡಿನೋವು, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇಬ್ಬರಿಗೂ ಒಗ್ಗುವ ಒಂದು ದಿನ ಮಾಡಬೇಕಿತ್ತು.

ಮೊದಲು ನೋಡಿದ್ದು ಕ್ಯಾಲೆಂಡರ್. ಸೋಮವಾರ ಬೇಡವೇ ಬೇಡ. ನನ್ನ ಪಟ್ಟಿಯಲ್ಲಿದ್ದ ಹಳೇ ಹಡಗು, ರೇಷ್ಮೆ ಮ್ಯೂಸಿಯಂ ಎರಡಕ್ಕೂ ಅವತ್ತು ರಜ. ಸೋಮವಾರ ಸರ್ಕಾರಿ ರಜೆ ಬಂದರೆ ಈ ರಜ ಸಾಮಾನ್ಯವಾಗಿ ಮಾರನೇ ದಿನಕ್ಕೆ ಹೋಗುತ್ತದೆ, ಅದನ್ನೂ ನೋಡಿಕೊಳ್ಳಿ. ಜೂನ್ 2 ಅಲ್ಲಿ ಬಂದರು ತೆರೆದ ದಿನ. ಆಗ ಹಬ್ಬ, ಊರಿನ ಶಾಲೆಗಳಿಗೆ ರಜ, ತೀರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್-ಜುಲೈ ಮಳೆ, ಆಗಸ್ಟ್‌ನಲ್ಲಿ ವಯಸ್ಸಾದವರನ್ನು ಬಿಸಿಲಲ್ಲಿ ನಡೆಸುವ ಹಾಗಿಲ್ಲ. ನವೆಂಬರ್ ಕೊನೆ ಒಳ್ಳೆಯದು. ನಿಹೋನ್ ಓದೋರಿ ರಸ್ತೆಯ ಗಿಂಕೊ ಮರಗಳು ಪೂರ್ತಿ ಹಳದಿಯಾಗಿರುತ್ತವೆ. ಆದರೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನನ್ನ ಪ್ಲಾನ್ ನಿಂತಿದ್ದೇ ಈ ನಾಲ್ಕೂವರೆಯ ಮೇಲೆ.

ಜನ ಸಾಮಾನ್ಯವಾಗಿ ಸಾಕುರಾಗಿಚೋ ಸ್ಟೇಷನ್ನಿನಲ್ಲಿ ಇಳಿದು, ಜಾಯಂಟ್ ವ್ಹೀಲ್, ಕೆಂಪು ಇಟ್ಟಿಗೆಯ ಗೋದಾಮು ನೋಡುತ್ತಾ ಯಾಮಾಶಿಟಾ ಪಾರ್ಕ್ ಕಡೆ ನಡೆಯುತ್ತಾರೆ. ನಾನು ಇದನ್ನು ಉಲ್ಟಾ ಮಾಡಿದೆ. ಬೇಗ ಮುಚ್ಚುವ ಜಾಗಗಳೆಲ್ಲ ಪಾರ್ಕಿನ ಸುತ್ತ ಇವೆ. ರಾತ್ರಿವರೆಗೂ ತೆರೆದಿರುವುದು, ದೀಪ ಹಚ್ಚಿದ ಮೇಲೇ ಚೆಂದ ಕಾಣುವುದು ಎಲ್ಲ ಸಾಕುರಾಗಿಚೋ ಕಡೆ ಇವೆ. ಹಾಗಿರುವಾಗ ಬೆಳಿಗ್ಗೆ ಆ ತುದಿಯಿಂದ ಶುರು ಮಾಡಿ ಸಂಜೆಗೆ ಈ ತುದಿಗೆ ಬರುವುದೇ ಸರಿ, ಅಲ್ವಾ? ಇಡೀ ದಾರಿ ಮೂರು ಕಿಲೋಮೀಟರ್ ಚಿಲ್ಲರೆ, ಎಲ್ಲ ಸಮತಟ್ಟು, ಒಂದು ಕಡೆ ಯಾವಾಗಲೂ ನೀರು.

ರೈಲಿನ ವಿಷಯ. ಶಿಂಕಾನ್ಸೆನ್ ಅಂದರೆ ಬುಲೆಟ್ ರೈಲು ನಿಲ್ಲುವುದು ಶಿನ್-ಯೊಕೊಹಾಮಾದಲ್ಲಿ. ಅದು ಬಂದರಿನಿಂದ ದೂರ, ಈ ಪ್ರವಾಸಕ್ಕೆ ಅದರ ಹತ್ತಿರ ಸುಳಿಯುವುದೇ ಬೇಡ. ನಾವು ತೋಜಾಯ್ ಲೈನಿನಲ್ಲಿ ಓತೆಮಾಚಿಗೆ ಬಂದು, ನೆಲದಡಿಯ ದಾರಿಯಲ್ಲೇ ಟೋಕಿಯೊ ಸ್ಟೇಷನ್ನಿಗೆ ನಡೆದು, ತೊಕಾಯ್ದೋ ಲೈನ್ ಹಿಡಿದೆವು. ಅರ್ಧ ಗಂಟೆಯೊಳಗೆ ಯೊಕೊಹಾಮಾ. ಅಲ್ಲಿಂದ ಮಿನಾತೊಮಿರಾಯ್ ಲೈನಿನ ಕೊನೇ ಸ್ಟೇಷನ್ ಮೊತೊಮಾಚಿ-ಚುಕಾಗಾಯ್. ಶಿಬುಯಾ ಕಡೆ ಇರುವವರಿಗೆ ತೋಯೊಕೊ ಲೈನಿನ ರೈಲು ನೇರವಾಗಿ ಇದೇ ಸ್ಟೇಷನ್ನಿಗೆ ಬರುತ್ತದೆ, ಇಳಿದು ಹತ್ತುವ ತಲೆನೋವಿಲ್ಲ.

ತೊಕಾಯ್ದೋ ರೈಲಿನಲ್ಲಿ ಗ್ರೀನ್ ಕಾರ್ ಅಂತ ಡಬಲ್ ಡೆಕ್ಕರ್ ಬೋಗಿಗಳಿವೆ. ಅಪ್ಪ-ಅಮ್ಮ ಜೊತೆಗಿದ್ದರೆ ಆ ಹೆಚ್ಚಿನ ದುಡ್ಡು ಕೊಡಿ, ನಿಲ್ಲುವ ಗೋಳಿಲ್ಲ. ರೈಲು ಹತ್ತುವ ಮೊದಲೇ ಸುಯಿಕಾ ಅನ್ನುವ ಪ್ರಯಾಣದ ಸ್ಮಾರ್ಟ್ ಕಾರ್ಡಿನಲ್ಲಿ ಗ್ರೀನ್ ಟಿಕೆಟ್ ತೆಗೆದುಕೊಂಡರೆ ಅಗ್ಗ. ಕೂತಮೇಲೆ ತಲೆಯ ಮೇಲಿನ ಗುರುತಿಗೆ ಕಾರ್ಡ್ ಮುಟ್ಟಿಸಬೇಕು, ಕೆಂಪು ದೀಪ ಹಸಿರಾಗುತ್ತದೆ. ಅಪ್ಪ ಅಮ್ಮನ ಕಾರ್ಡನ್ನೂ ಇಸ್ಕೊಂಡು ತಾವೇ ಮುಟ್ಟಿಸಿದರು. ಜಪಾನಿನ ಮೊದಲ ರೈಲು ಓಡಿದ್ದು ಶಿಂಬಾಶಿ ಮತ್ತು ಯೊಕೊಹಾಮಾ ನಡುವೆ, 1872ರಲ್ಲಿ, 53 ನಿಮಿಷದಲ್ಲಿ ಅಂತ ಹೇಳಿದೆ. "ಈಗಿನ ಬೆಂಗಳೂರು ಟ್ರಾಫಿಕ್‌ಗೆ ಅದೂ ಫಾಸ್ಟೇ ಬಿಡು" ಅಂದರು.

ಹತ್ತು ಗಂಟೆಗೆ ಹಿಕಾವಾ ಮಾರು ಹಡಗಿನ ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಟಿಕೆಟ್ 300 ಯೆನ್ ಇತ್ತು. ಈ ಊರಿನಲ್ಲಿ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಸಿಗುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. 1930ರಲ್ಲಿ ಇದೇ ಯೊಕೊಹಾಮಾದಲ್ಲಿ ಕಟ್ಟಿ, ಸಿಯಾಟಲ್‌ಗೆ ಓಡಿಸಿದ ಹಡಗು. ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ಉಳಿದುಕೊಂಡಿತು. 1960ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ 254 ಸಲ ಪೆಸಿಫಿಕ್ ದಾಟಿತ್ತು. 1932ರಲ್ಲಿ ಚಾರ್ಲಿ ಚಾಪ್ಲಿನ್ ಇದರಲ್ಲೇ ಜಪಾನಿನಿಂದ ಹೊರಟಿದ್ದು. ಫಸ್ಟ್ ಕ್ಲಾಸಿನ ಊಟದ ಹಾಲ್, ಮರದ ಕೆತ್ತನೆ, ಬಣ್ಣದ ಗಾಜು ಎಲ್ಲ ನೋಡಿ, ಆಮೇಲೆ ಕೆಳಗಿಳಿದು ಥರ್ಡ್ ಕ್ಲಾಸಿನ ಒಂದರ ಮೇಲೊಂದು ಮಂಚಗಳನ್ನು ನೋಡಬೇಕು. ಒಂದೇ ಹಡಗಿನಲ್ಲಿ ಎರಡು ಪ್ರಪಂಚ.

ಅಪ್ಪ ಸಿಕ್ಕಿಹಾಕಿಕೊಂಡಿದ್ದು ಎಂಜಿನ್ ರೂಮಿನಲ್ಲಿ. ಕಡಿದಾದ ಕಬ್ಬಿಣದ ಮೆಟ್ಟಿಲು ಇಳಿದರೆ ಎರಡಂತಸ್ತಿನ ಮನೆಯಷ್ಟು ಎತ್ತರದ ಡೀಸೆಲ್ ಎಂಜಿನ್‌ಗಳು. ಡೆನ್ಮಾರ್ಕಿನ ಬರ್ಮೈಸ್ಟರ್ ಅಂಡ್ ವೈನ್ ಕಂಪನಿಯವು. "ಇದು ಡಬಲ್ ಆಕ್ಟಿಂಗು. ಪಿಸ್ಟನ್ನಿನ ಮೇಲೂ ಉರಿ, ಕೆಳಗೂ ಉರಿ. ಕೆಳಗಡೆ ರಾಡ್ ಇರೋ ಜಾಗದಲ್ಲಿ ಗ್ಯಾಸ್ ಸೋರದ ಹಾಗೆ ಸೀಲ್ ಮಾಡೋದು ಎಷ್ಟು ಕಷ್ಟ ಗೊತ್ತೇನೋ?" ಅಂತ ನನ್ನ ಭುಜ ಹಿಡಿದು ತೋರಿಸಿದರು. ರೇಲಿಂಗಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿ, "ಎಣ್ಣೆ ವಾಸನೆ ಇನ್ನೂ ಹೋಗಿಲ್ಲ" ಅಂದರು. ಅಮ್ಮ ಅಷ್ಟೂ ಹೊತ್ತು ಮೇಲಿನ ಡೆಕ್ಕಿನಲ್ಲಿ ಬೆಂಚಿನ ಮೇಲೆ ಕೂತು ಸಮುದ್ರದ ಹಕ್ಕಿ ನೋಡುತ್ತಿದ್ದರು. ಹಡಗಿನೊಳಗೆ ಲಿಫ್ಟ್ ಇಲ್ಲ. ಮಂಡಿನೋವಿನವರನ್ನು ಕೆಳಗಿಳಿಸುವ ಸಾಹಸ ಬೇಡ.

ಹಡಗು ನಿಂತಿರುವುದು ಯಾಮಾಶಿಟಾ ಪಾರ್ಕಿಗೆ ಅಂಟಿಕೊಂಡೇ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಬಿದ್ದ ಊರಿನ ಅವಶೇಷವನ್ನೆಲ್ಲ ಸಮುದ್ರಕ್ಕೆ ತುಂಬಿ ಅದರ ಮೇಲೆ ಮಾಡಿದ ಪಾರ್ಕ್ ಅದು. 1930ರಲ್ಲಿ ತೆರೆದರು. ಗುಲಾಬಿ ಗಿಡಗಳ ನಡುವೆ ಓಡಾಡುವಾಗ ಇದು ನೆನಪಿರಲಿ. ಪಾರ್ಕಿನ ಇನ್ನೊಂದು ತುದಿಯಲ್ಲಿ ಇಂಡಿಯನ್ ವಾಟರ್ ಟವರ್ ಇದೆ. ನಾಲ್ಕು ಕಂಬ, ಮೇಲೆ ಗುಮ್ಮಟ, ನಡುವೆ ಕುಡಿಯುವ ನೀರಿನ ಜಾಗ. ರೇಷ್ಮೆ ವ್ಯಾಪಾರಕ್ಕೆ ಬಂದು ನೆಲೆಸಿದ್ದ ಭಾರತೀಯರು ಆ ಭೂಕಂಪದಲ್ಲಿ ಸಿಕ್ಕಿಬಿದ್ದರು, ಕೆಲವರು ಸತ್ತರು. ಊರಿನವರು ಆಗ ಮಾಡಿದ ಸಹಾಯಕ್ಕೆ ಕೃತಜ್ಞತೆಯಾಗಿ 1939ರಲ್ಲಿ ಭಾರತೀಯರು ಕಟ್ಟಿಸಿಕೊಟ್ಟಿದ್ದು ಇದು. ಹೊರಗಿನಿಂದ ಸುಮಾರಾಗಿ ಕಾಣುತ್ತದೆ, ಬಹಳ ಜನ ನೋಡದೇ ದಾಟುತ್ತಾರೆ. ಒಳಗೆ ನಿಂತು ತಲೆ ಎತ್ತಬೇಕು. ಗುಮ್ಮಟದ ಒಳಮೈ ತುಂಬ ಪುಟ್ಟ ಬಣ್ಣದ ಟೈಲ್ಸಿನ ಚಿತ್ತಾರ. ಅಮ್ಮ ಕತ್ತು ನೋಯುವವರೆಗೂ ನೋಡಿ "ರಂಗೋಲಿ ಬರೆದವರು ನಮ್ಮೋರೇ" ಅಂತ ತೀರ್ಮಾನ ಕೊಟ್ಟರು.

ಊಟ ಅಲ್ಲೇ ಬೆಂಚಿನ ಮೇಲೆ. ಬೆಳಿಗ್ಗೆ ಕಲಸಿ ತಂದಿದ್ದ ಪುಳಿಯೋಗರೆ, ಚಪಾತಿ, ಪಲ್ಯ. ಚೈನಾಟೌನ್ ಐದು ನಿಮಿಷದ ದಾರಿ. ಮಾಂಸ ತಿನ್ನುವವರಿಗೆ ಸ್ವರ್ಗವೇ ಇರಬಹುದು, ನಮ್ಮಂಥವರಿಗೆ ಸುಮ್ನೆ ಓಡಾಟ. ಸಾರಿನಲ್ಲಿ ಮೀನು, ಹಿಟ್ಟಿನಲ್ಲಿ ಹಂದಿ ಕೊಬ್ಬು, ಏನಿದೆ ಅಂತ ಕೇಳಿ ಕೇಳಿ ಸುಸ್ತಾಗುತ್ತದೆ. ಕಸ ಹಾಕಲು ಡಬ್ಬಿ ಸಿಗುವುದು ಕಷ್ಟ, ಒಂದು ಖಾಲಿ ಕವರ್ ಇಟ್ಟುಕೊಳ್ಳಿ. ಬ್ರೆಡ್ ಇಷ್ಟಪಡುವವರಿಗೆ ಮೊತೊಮಾಚಿಯಲ್ಲಿ 1888ರಿಂದ ನಡೆಯುತ್ತಿರುವ ಉಚಿಕಿ ಪಾನ್ ಅನ್ನುವ ಬೇಕರಿ ಇದೆ.

ಪಾರ್ಕಿನಿಂದ ಹೊರಬಂದರೆ ಎದುರಿಗೇ ಸಿಲ್ಕ್ ಸೆಂಟರ್, ಅದರೊಳಗೆ ಸಿಲ್ಕ್ ಮ್ಯೂಸಿಯಂ. 1859ರಲ್ಲಿ ಬಂದರು ತೆರೆದಾಗ ಯೊಕೊಹಾಮಾ ಊರಾಗಿ ಬೆಳೆದದ್ದೇ ರೇಷ್ಮೆಯಿಂದ. ಆ ಕಾಲಕ್ಕೆ ಯೂರೋಪಿನ ರೇಷ್ಮೆಹುಳುಗಳಿಗೆ ರೋಗ ಬಂದಿತ್ತು, ಜಪಾನಿನ ನೂಲಿಗೆ ಬೇಡಿಕೆ ಏರಿತು. ಮ್ಯೂಸಿಯಂನಲ್ಲಿ ಗೂಡಿನಿಂದ ನೂಲು ತೆಗೆಯುವ ಹಳೇ ರಾಟೆಗಳಿಂದ ಹಿಡಿದು ಕಿಮೋನೋವರೆಗೆ ಎಲ್ಲ ಇದೆ. ರಾಮನಗರದ ಗೂಡಿನ ಮಾರ್ಕೆಟ್ ನೋಡಿದವರಿಗೆ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ.

ಅಪ್ಪನಿಗೆ ಹೇಳಬೇಕು ಅಂತ ನಾನು ಉಳಿಸಿಕೊಂಡಿದ್ದ ಕಥೆ ಇಲ್ಲಿಗೆ ಸೇರಿದ್ದು. ಅವರು ಬೆಳೆದಿದ್ದು ಬಸವನಗುಡಿಯಲ್ಲಿ. ಅಲ್ಲಿನ ಟಾಟಾ ಸಿಲ್ಕ್ ಫಾರ್ಮ್ ಬಸ್ ಸ್ಟಾಪು ಬೆಂಗಳೂರಿನವರಿಗೆ ಗೊತ್ತು. ಜಮ್‌ಷೆಟ್‌ಜಿ ಟಾಟಾ ಜಪಾನಿನಲ್ಲಿ ರೇಷ್ಮೆ ಕೆಲಸ ನೋಡಿ, ಜಪಾನಿ ತಜ್ಞರನ್ನು ಕರೆಸಿ 1890ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮಾಡಿದ ತೋಟದ ಹೆಸರು ಅದು. "ದಿನಾ ಬಸ್ಸಿಗೆ ಕಾಯ್ತಿದ್ದ ಸ್ಟಾಪು ಕಣೋ! ಜಪಾನಿನವರು ಬಂದಿದ್ರಾ ಅಲ್ಲಿಗೆ?" ಅಂತ ಅಪ್ಪ ಅಲ್ಲೇ ನಿಂತುಬಿಟ್ಟರು.

ಉಳಿದ ಅರ್ಧ ಕಥೆಯನ್ನು ಒಸಾನ್‌ಬಾಶಿ ಮೇಲೆ ಹೇಳಿದೆ. ಮ್ಯೂಸಿಯಂನಿಂದ ಎರಡು ಹೆಜ್ಜೆ ದೂರದ ಹಡಗುಕಟ್ಟೆ ಅದು. ಈಗಿನ ಟರ್ಮಿನಲ್ 2002ರದ್ದು. ಮೇಲ್ಛಾವಣಿಯೇ ಒಂದು ಉದ್ದದ ಮೈದಾನ. ಮರದ ಹಲಗೆ ಏರುತ್ತಾ ಇಳಿಯುತ್ತಾ ಸಮುದ್ರದೊಳಕ್ಕೆ ಹೋಗುತ್ತದೆ, ಮೆಟ್ಟಿಲಿನ ಕಾಟ ಇಲ್ಲ, ದುಡ್ಡೂ ಇಲ್ಲ. ಅಮ್ಮನಿಗೆ ಇಡೀ ದಿನದಲ್ಲಿ ತುಂಬಾ ಹಿಡಿಸಿದ ಜಾಗ ಇದೇ. ವಿವೇಕಾನಂದರು 1893ರ ಜುಲೈನಲ್ಲಿ ಚಿಕಾಗೋಗೆ ಹೋಗುವಾಗ ಎಂಪ್ರೆಸ್ ಆಫ್ ಇಂಡಿಯಾ ಹಡಗು ಹತ್ತಿದ್ದು ಈ ಬಂದರಿನಲ್ಲಿ. ಅದೇ ಹಡಗಿನಲ್ಲಿ ಟಾಟಾ ಕೂಡ ಇದ್ದರು. ಐದು ವರ್ಷದ ನಂತರ, 1898ರ ನವೆಂಬರ್ 23ರಂದು, ಟಾಟಾ ಆ ಪ್ರಯಾಣವನ್ನು ನೆನಪಿಸಿ ವಿವೇಕಾನಂದರಿಗೆ ಕಾಗದ ಬರೆದು, ತಾವು ಕಟ್ಟಬೇಕೆಂದಿದ್ದ ವಿಜ್ಞಾನ ಸಂಸ್ಥೆಗೆ ಬೆಂಬಲ ಕೇಳಿದರು. ಅದೇ ಮುಂದೆ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ, 1909ರಲ್ಲಿ, ಅಪ್ಪ ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಲೇ ಕರೆಯುವ ಐಐಎಸ್ಸಿ ಆಯಿತು.

ಆದರೆ ವಿವೇಕಾನಂದರು, ಟಾಟಾ ಇಬ್ಬರೂ ಈ ಕಟ್ಟೆಯಿಂದ ಹಡಗು ಹತ್ತಿರಲಾರರು. ಇಲ್ಲಿನ ಮೊದಲ ಕಬ್ಬಿಣದ ಕಟ್ಟೆ ಮುಗಿದಿದ್ದೇ 1894ರಲ್ಲಿ. ಅದಕ್ಕೆ ಮೊದಲು ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಜನ ಸಣ್ಣ ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು. ಹಳೇ ದೋಣಿಕಟ್ಟೆ ಪಕ್ಕದಲ್ಲೇ ಇದೆ. ಆನೆ ಸೊಂಡಿಲಿನ ಹಾಗೆ ಬಾಗಿದ ಕಲ್ಲಿನ ತಡೆಗೋಡೆ, ಜೋ-ನೊ-ಹಾನಾ ಪಾರ್ಕ್ ಅಂತಾರೆ. ಅಲ್ಲಿ ಆನೆ ಮುಖದ ಐಸ್‌ಕ್ರೀಮ್ ಮಾರುತ್ತಾರೆ, ಮಕ್ಕಳಿದ್ದರೆ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ಅಲ್ಲಿಂದ ಮುಂದೆ ಸಂಜೆಯ ಭಾಗ. ಕೆಂಪು ಇಟ್ಟಿಗೆಯ ಗೋದಾಮುಗಳು 1911 ಮತ್ತು 1913ರವು, ಈಗ ಒಳಗೆಲ್ಲ ಅಂಗಡಿ, ಹೋಟೆಲ್. ಕಟ್ಟಡ ಚೆಂದ, ಅಂಗಡಿ ಸಾಧಾರಣ. ನವೆಂಬರ್ ಕೊನೆಗೆ ಕ್ರಿಸ್ಮಸ್ ಮಾರ್ಕೆಟ್ ಶುರುವಾದರೆ ನೂಕುನುಗ್ಗಲು. ಅಮ್ಮನ ಮಂಡಿ ಇಲ್ಲಿ ಮಾತಾಡಲು ಶುರು ಮಾಡಿತು. ಅದಕ್ಕೂ ವ್ಯವಸ್ಥೆ ಯೋಚಿಸಿಟ್ಟಿದ್ದೆ. ಅಕಾಯ್ ಕುತ್ಸು ಅನ್ನುವ ಕೆಂಪು ಬಸ್ಸು ಈ ಜಾಗಗಳನ್ನೆಲ್ಲ ಸುತ್ತಿ ಸಾಕುರಾಗಿಚೋಗೆ ಹೋಗುತ್ತದೆ. ಇನ್ನೂ ಸೊಗಸು ಬೇಕಾದರೆ ಏರ್ ಕ್ಯಾಬಿನ್. 2021ರಲ್ಲಿ ಶುರುವಾದ ರೋಪ್‌ವೇ, ಐದೇ ನಿಮಿಷದ ದಾರಿ. ನಾನು ಅಮ್ಮನ ಜೊತೆ ಅದರಲ್ಲಿ ಹೋದೆ. ದೀಪ ಹತ್ತಿದ ಕಾಸ್ಮೋ ಕ್ಲಾಕ್ ಜಾಯಂಟ್ ವ್ಹೀಲಿನ ಪಕ್ಕದಲ್ಲೇ ಹಾಯುತ್ತದೆ. ದುಬಾರಿ, ಆದರೆ ವ್ಹೀಲ್ ಹತ್ತುವ ಕ್ಯೂ ಉಳಿಯಿತು. ಅಪ್ಪ ಕೆಳಗೆ ಕಿಶಾಮಿಚಿ ದಾರಿಯಲ್ಲಿ ನಡೆದೇ ಬಂದರು. ಬಂದರಿಗೆ ಸರಕು ಸಾಗಿಸುತ್ತಿದ್ದ ರೈಲು ದಾರಿಯನ್ನೇ ಕಾಲುದಾರಿ ಮಾಡಿದ್ದಾರೆ, ಹಳಿಗಳು ಇನ್ನೂ ನೆಲದಲ್ಲಿವೆ. ಅವರಿಗೆ ಅದು ಬೇಕಿತ್ತು.

ಬೇಕಂತಲೇ ಬಿಟ್ಟಿದ್ದು ಸಾಂಕೆಯೆನ್ ತೋಟ. ರೇಷ್ಮೆ ವ್ಯಾಪಾರಿ ಹಾರಾ ತೊಮಿತಾರೊ 1906ರಲ್ಲಿ ಸಾರ್ವಜನಿಕರಿಗೆ ತೆರೆದ ತೋಟ. 1916ರಲ್ಲಿ ರವೀಂದ್ರನಾಥ ಟ್ಯಾಗೋರರು ಅಲ್ಲಿ ಅವರ ಅತಿಥಿಯಾಗಿದ್ದರು. ಕ್ಯೋಟೋದಿಂದ ಬಿಚ್ಚಿ ತಂದು ನಿಲ್ಲಿಸಿದ 1457ರ ಮೂರಂತಸ್ತಿನ ಪಗೋಡ ಇದೆ. ಆದರೆ ಅದು ಬಸ್ಸಿನ ದಾರಿ, ಒಳಗೇ ಎರಡು ಗಂಟೆ ಬೇಕು. ಈ ತೀರದ ನಡಿಗೆಗೆ ಅದನ್ನು ಸೇರಿಸಿದರೆ ಎರಡೂ ಕೆಡುತ್ತವೆ. ಏಪ್ರಿಲ್ ಶುರುವಿನಲ್ಲಿ, ಸಾಕುರಾ (ಚೆರ್ರಿ ಹೂ) ಅರಳುವ ಹೊತ್ತಿಗೆ, ಸಾಕುರಾಗಿಚೋದಿಂದ 8ನೇ ನಂಬರ್ ಬಸ್ ಹಿಡಿದು ಅದಕ್ಕೇ ಅಂತ ಬೆಳಿಗ್ಗೆ ಹೋಗಿ.