ದಪ್ಪ ಹೆಡರ್ ಹಾಕಿ ಪಿಕಪ್ ಕಳೆದುಕೊಂಡೆ

ನನ್ನ ಹಳೇ ಕಾರಿನಲ್ಲಿರುವುದು ಷೆವ್ರೊಲೆಯ 350 ಘನ ಇಂಚಿನ ವಿ-8 ಎಂಜಿನ್. ಎಂಟು ಸಿಲಿಂಡರ್, 5.7 ಲೀಟರ್. ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಹೊರಗೆ ಬಿಡುವ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಹೇಗೂ ಬಿಚ್ಚಬೇಕಲ್ಲ, ಅದರ ಬದಲು ಪ್ರತಿ ಸಿಲಿಂಡರಿಗೂ ಬೇರೆ ಪೈಪ್ ಇರುವ ಹೆಡರ್ ಹಾಕಿಯೇ ಬಿಡೋಣ ಎಂದುಕೊಂಡೆ. ಈ ಎಂಜಿನ್‌ಗೆ ಸಾಮಾನ್ಯವಾಗಿ ಸಿಗುವುದು ಮೂರು ಸೈಜಿನ ಪೈಪ್, ವ್ಯಾಸದ ಲೆಕ್ಕದಲ್ಲಿ: 1 5/8, 1 3/4, 1 7/8 ಇಂಚು. ಹಿಂದೆ ಮುಂದೆ ನೋಡದೆ ದಪ್ಪದ್ದನ್ನೇ ತಂದೆ. ಹೊಗೆ ಸಲೀಸಾಗಿ ಹೊರಗೆ ಹೋದಷ್ಟೂ ಒಳ್ಳೆಯದು, ಅಲ್ವಾ?

ಸ್ಟಾರ್ಟ್ ಮಾಡಿದಾಗ ಸದ್ದು ಕೇಳಿ ಬಲು ಖುಷಿಯಾಯಿತು. ಮೊದಲ ಏರು ಸಿಗುವವರೆಗೆ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂಗೇ ಆರಾಮಾಗಿ ಹತ್ತುತ್ತಿದ್ದ ಗಾಡಿ ಈಗ ಗೇರ್ ಇಳಿಸು ಎಂದು ಗೋಗರೆಯುತ್ತಿತ್ತು. 4500 ದಾಟಿದ ಮೇಲೆ ಮಾತ್ರ ಜೀವ ಬರುತ್ತಿತ್ತು. ನಾನೋ, ಅಷ್ಟು ಮೇಲಕ್ಕೆ ಒತ್ತುವುದು ತಿಂಗಳಿಗೊಮ್ಮೆ.

ಆಮೇಲೆ ಕೂತು ಓದಿದಾಗ ವಿಷಯ ತಲೆಗೆ ಹೋಯಿತು. ಹೊಗೆ ಪೈಪಿನಲ್ಲಿ ರಭಸವಾಗಿ ಓಡಿದಾಗ ತನ್ನ ಬೆನ್ನ ಹಿಂದೆ ಒತ್ತಡ ಇಳಿಸಿಕೊಂಡು ಹೋಗುತ್ತದೆ. ಗಾಳಿ ಒಳಗೆ ಬಿಡುವ ವಾಲ್ವ್, ಹೊಗೆ ಹೊರಗೆ ಬಿಡುವ ವಾಲ್ವ್ ಎರಡೂ ಸ್ವಲ್ಪ ತೆರೆದಿರುವ ಆ ಗಳಿಗೆಯಲ್ಲಿ ಆ ಸೆಳೆತವೇ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು, ಹೊಸ ಪೆಟ್ರೋಲ್-ಗಾಳಿಗೆ ಜಾಗ ಮಾಡಿಕೊಡುತ್ತದೆ. ಪೈಪ್ ದಪ್ಪವಾದರೆ ಅದೇ ಹೊಗೆ ನಿಧಾನವಾಗುತ್ತದೆ. ಸೆಳೆತ ಸತ್ತುಹೋಗುತ್ತದೆ.

ಅಂದಾಜಿಗೆ ಒಂದು ಸುಲಭದ ಲೆಕ್ಕ ಇದೆ. ಪೈಪಿನ ಒಳಗಿನ ವಿಸ್ತೀರ್ಣವನ್ನು ಚದರ ಇಂಚಿನಲ್ಲಿ ತೆಗೆದುಕೊಂಡು 88,200ರಿಂದ ಗುಣಿಸಿ, ಒಂದು ಸಿಲಿಂಡರಿನ ಘನ ಇಂಚಿನಿಂದ ಭಾಗಿಸಿ. ಆ ಪೈಪ್ ಎಷ್ಟು ಆರ್‌ಪಿಎಂ ಹತ್ತಿರ ಟಾರ್ಕ್‌ಗೆ, ಅಂದರೆ ಎಂಜಿನ್ನಿನ ತಿರುಗಿಸುವ ಬಲಕ್ಕೆ, ಕೈ ಜೋಡಿಸುತ್ತದೆ ಎಂದು ಗೊತ್ತಾಗುತ್ತದೆ. ಇಲ್ಲೊಂದು ಎಡವಟ್ಟು ಆಗುತ್ತದೆ, ನನಗೂ ಆಯಿತು. ಹೆಡರ್ ಮಾರುವುದು ಹೊರಗಿನ ಅಳತೆಯಲ್ಲಿ. ಲೆಕ್ಕಕ್ಕೆ ಬೇಕಾದ್ದು ಒಳಗಿನದು. ನನ್ನದು 16 ಗೇಜ್ ಪೈಪ್, ಅಂದರೆ ಪ್ರತಿ ಬದಿಗೆ 0.065 ಇಂಚು ಕಳೆಯಬೇಕು. 1 7/8ರ ಒಳಗಿನ ವ್ಯಾಸ 1.745 ಇಂಚು, ವಿಸ್ತೀರ್ಣ 2.39. ನನ್ನ ಒಂದು ಸಿಲಿಂಡರ್ 43.75 ಘನ ಇಂಚು. ಉತ್ತರ ಸುಮಾರು 4800 ಆರ್‌ಪಿಎಂ. ಏರಿನಲ್ಲಿ ಗಾಡಿ ಹೇಳಿದ್ದೂ ಅದನ್ನೇ! 1 3/4ಕ್ಕೆ ಸುಮಾರು 4150, 1 5/8ಕ್ಕೆ ಸುಮಾರು 3540 ಬಂತು.

ವಾಲ್ವ್ ತೆರೆದು ಮುಚ್ಚುವ ನನ್ನ ಕ್ಯಾಮ್ ಹೆಚ್ಚುಕಡಿಮೆ ಕಂಪನಿಯದ್ದೇ ತರಹ ಸೌಮ್ಯ. ಓಡಿಸುವುದು 1500ರಿಂದ 4000ದೊಳಗೆ. 1 3/4 ಕಡೆ ಒಂದು ದಿನ ಮನಸ್ಸು ಎಳೆಯಿತು, ಸುಮ್ನೆ ಆಸೆ. ಕೊನೆಗೆ 1 5/8 ತಂದೆ.

ಹಾಕುವ ಮುಂಚೆ ಹೆಡರಿನ ಫ್ಲೇಂಜನ್ನು (ಬೋಲ್ಟ್ ಹಾಕುವ ತಟ್ಟೆ) ಎಂಜಿನ್ನಿನಿಂದ ಹೊಗೆ ಹೊರಬರುವ ಪೋರ್ಟಿನ ಮೇಲೆ ಹಿಡಿದು ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ಬಾಯಿ ಪೋರ್ಟಿಗಿಂತ ಒಂಚೂರು ದೊಡ್ಡದಿದ್ದರೆ ತೊಂದರೆ ಇಲ್ಲ. ಚಿಕ್ಕದಿದ್ದು ಅಂಚು ಒಳಗೆ ಚಾಚಿಕೊಂಡರೆ ಹೊಗೆ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ನನ್ನದರಲ್ಲಿ ಪೈಪ್ ಸರಿ ಇತ್ತು, ಒಂದು ಕಡೆ ನಡುವೆ ಲೀಕ್ ತಡೆಯುವ ಗ್ಯಾಸ್ಕೆಟ್ಟೇ ಉಗುರಿನಷ್ಟು ಒಳಗೆ ಇಣುಕುತ್ತಿತ್ತು. ಬ್ಲೇಡಿನಿಂದ ಕತ್ತರಿಸಿದೆ. ನಾಲ್ಕು ಪೈಪ್ ಕೂಡುವ ಕಲೆಕ್ಟರ್ 3 ಇಂಚಿನದು. ಅದರ ಮುಂದೆ ಅದೇ ಸೈಜಿನ ಒಂದಡಿ ಪೈಪ್ ಬೆಸೆಸಿ, ಆಮೇಲೆ 2 1/2ಕ್ಕೆ ಇಳಿಸಿದೆ. ಕೆಳಗಿನ ಆರ್‌ಪಿಎಂನ ಎಳೆತಕ್ಕೆ ಈ ತುಂಡು ನಂಬಲಾಗದಷ್ಟು ಸಹಾಯ ಮಾಡುತ್ತದೆ.

ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ಬೆಳ್ಳಗೆ. ಹೊಗೆ ಸರಾಗವಾಗಿ ಹೋಗಿ ಮಿಶ್ರಣ ತೆಳುವಾಗಿತ್ತು, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲುತ್ತಿರಲಿಲ್ಲ. ಮೊದಲು ಎಲ್ಲೂ ಲೀಕ್ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಎರಡು ನಂಬರ್ ಏರಿಸಿದೆ. ತುದಿ ತಿಳಿಕಂದು ಬಣ್ಣಕ್ಕೆ ತಿರುಗಿತು. ಬೋಲ್ಟ್‌ಗಳನ್ನು ಮಾತ್ರ ಎಂಜಿನ್ ಕಾದು ಆರಿದ ಮೇಲೆ ಮತ್ತೆ ಬಿಗಿ ಮಾಡಲೇಬೇಕು. ನಾನು ಮೂರು ಸಲ ಮಾಡಿದೆ, ಮೂರು ಸಲವೂ ಒಂದೆರಡು ಸಡಿಲವಾಗಿದ್ದವು.

ಅದೇ ಏರು, ಅದೇ ಮೂರನೇ ಗೇರು. 2000ಕ್ಕೇ ಹತ್ತಿತು. 1 7/8ರ ಜೋಡಿಯನ್ನು ಗೆಳೆಯ ಒಯ್ದ. ಅವನ ಎಂಜಿನ್‌ನಲ್ಲಿ ದೊಡ್ಡ ಕ್ಯಾಮ್ ಇದೆ, 4500ಕ್ಕಿಂತ ಕೆಳಗೆ ಅವನಿಗೆ ಕೆಲಸವೇ ಇಲ್ಲ.